ಬಿಡಬೇಕು ಅಂತಾರೆ, ಎಲ್ಲಿಗೆ ಹೋಗಬೇಕು?

ಅಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ನಮ್ಮ ಸ್ಟುಡಿಯೋದಲ್ಲಿ ಮದ್ಯದ ಬಗ್ಗೆ ಭರ್ಜರಿ ಚರ್ಚೆ. ಆಡಳಿತ ಪಕ್ಷದವರೊಬ್ಬರು, ವಿರೋಧ ಪಕ್ಷದವರೊಬ್ಬರು, ಒಬ್ಬ ಅರ್ಥಶಾಸ್ತ್ರಜ್ಞರು, ಮಧ್ಯದಲ್ಲಿ ನಾನು. 2024-25ರ ಬಜೆಟ್ಟಿನಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ತರಬೇಕು ಅಂತ ಸರ್ಕಾರ ಗುರಿ ಇಟ್ಟುಕೊಂಡಿತ್ತಲ್ಲ, ಅದೇ ವಿಷಯ. ನೀವು ಕುಡಿಸಿದಿರಿ ಅಂತ ಇವರು, ನಿಮ್ಮ ಕಾಲದಲ್ಲಿ ಏನಾಗಿತ್ತು ಅಂತ ಅವರು. ನನ್ನ ಧ್ವನಿಯೂ ಏರಿತ್ತು. ಚರ್ಚೆ ಚೆನ್ನಾಗಿ ನಡೆಯುತ್ತಿದೆ ಅಂತ ಕಿವಿಯಲ್ಲಿ ನಿರ್ಮಾಪಕರು ಹೇಳುತ್ತಲೂ ಇದ್ದರು.

ಕೊನೆಗೆ ಒಂದು ಫೋನ್ ಕರೆ. ಹೆಣ್ಣುಮಗಳ ಧ್ವನಿ.

“ಅಣ್ಣಾರ, ನಾ ಹಿಡಕಲ್ ಡ್ಯಾಂ ಕಡಿಂದ ಮಾತಾಡಾಕತ್ತೇನ್ರಿ. ಕುಡಿಯೂದು ಕೆಟ್ಟದ್ದು ಅನ್ನೂದು ನಮಗೂ ಗೊತ್ತೈತ್ರಿ, ನಮ್ಮ ಮನಿಯವ್ರಿಗೂ ಗೊತ್ತೈತಿ. ಅವ್ರು ಬಿಡಬೇಕು ಅಂತಾರ. ಎಲ್ಲಿಗಿ ಹೋಗಬೇಕ್ರಿ? ಅದೊಂದ್ ಹೇಳ್ರಿ, ಸಾಕು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತಿದ್ದ ಮೂವರ ಹತ್ತಿರವೂ ಇರಲಿಲ್ಲ. “ಖಂಡಿತ ಅಮ್ಮಾ, ಸರ್ಕಾರ ಇದರ ಬಗ್ಗೆ ಗಮನ ಹರಿಸಲೇಬೇಕು” ಅಂತ ಹೇಳಿ, ಸಮಯದ ಅಭಾವ ಅಂತ ಕೈಮುಗಿದು ಬ್ರೇಕ್ ತೆಗೆದುಕೊಂಡೆ. ಒಂದು ತಾಸು ನಡೆದ ಚರ್ಚೆಯಲ್ಲಿ ಕೇಳಲೇಬೇಕಾಗಿದ್ದ ಒಂದೇ ಪ್ರಶ್ನೆಯನ್ನು ಕೇಳಿದವಳು ಆಕೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೋದ ಕಥೆ ಇದು.

ಮೊದಲು ಒಂದು ಲೆಕ್ಕ ಹೇಳಿಬಿಡ್ತೀನಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದರಲ್ಲಿ ಮೂರು ಕೋಟಿಗೆ ಹತ್ತಿರ ಜನ ಮದ್ಯವಿಲ್ಲದೆ ಇರಲಾರದ ಸ್ಥಿತಿಗೆ ತಲುಪಿದವರು. ಈ ಸ್ಥಿತಿಯಲ್ಲಿರುವ 38 ಜನರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರೆಲ್ಲ ಏನು ಮಾಡುತ್ತಾರೆ? ಆಣೆ ಮಾಡುತ್ತಾರೆ.

ನನಗೆ ಇದು ಗೊತ್ತು. ನಮ್ಮ ಮನೆಯಲ್ಲೂ ಒಬ್ಬ ಕಾಕಾ ಇದ್ದರು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಆಣೆ, ಅಜ್ಜಿಯ ತಲೆ ಮುಟ್ಟಿ ಆಣೆ, ಮಗಳ ನಾಮಕರಣದ ದಿನ ಆಣೆ. ಪ್ರತಿ ಸಲವೂ ಮನಸಾರೆ ಮಾಡಿದ ಆಣೆಯೇ, ನಾಟಕವಲ್ಲ. ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಮತ್ತೆ ಶುರು. ಇವನಿಗೆ ಮಾತಿನ ಮೇಲೆ ನಿಲ್ಲೋಕೆ ಬರಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟೆವು. ಅವರು 46ಕ್ಕೇ ತೀರಿಕೊಂಡರು. ಆ ಹೆಣ್ಣುಮಗಳು ನನ್ನನ್ನು ಕೇಳಿದ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಮರುದಿನ ಆಕೆಗೆ ನಾನೇ ಫೋನ್ ಮಾಡಿದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಹಿಡಕಲ್ ಡ್ಯಾಂ ಹತ್ತಿರ ಅಂದರೆ ಸಾಕು. ಘಟಪ್ರಭಾ ನದಿಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ ಅದು. 51 ಟಿಎಂಸಿ ನೀರು ಹಿಡಿಯುತ್ತದೆ. ಈ ಭಾಗದ ಕಬ್ಬು, ಸಕ್ಕರೆ ಕಾರ್ಖಾನೆ, ಟ್ರ್ಯಾಕ್ಟರ್ ಎಲ್ಲದರ ಹಿಂದೆ ಇರುವುದು ಆ ನೀರೇ. ಆಕೆಯ ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಸೀಸನ್ ಶುರುವಾದರೆ ರಾತ್ರಿಯೆಲ್ಲ ಕಾರ್ಖಾನೆಯ ಗೇಟಿನ ಮುಂದೆ ಸರದಿಯಲ್ಲಿ ಕಾಯುವ ಕೆಲಸ. ಚಳಿ, ನಿದ್ದೆ, ಬೇಜಾರು. ಜೇಬಿನಲ್ಲಿ ತೊಂಬತ್ತರ ಪ್ಯಾಕೆಟ್. ಮೊದಲು ರಾತ್ರಿ ಮಾತ್ರ. ಆಮೇಲೆ ಮುಂಜಾನೆ ಎದ್ದ ಕೂಡಲೇ ಕೈ ನಡುಗುವುದು ನಿಲ್ಲಲಿ ಅಂತ ಒಂದು. ಅಲ್ಲಿಗೆ ಬಂದು ನಿಂತಿತ್ತು.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ನೆನಪಿರಬಹುದು. ಸಾರಾಯಿ ಪ್ಯಾಕೆಟ್ ಹೋಯಿತು, ಆ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ನಾವೂ ಲೈವ್ ಕೊಟ್ಟೆವು. ನಿಷೇಧ ಬೇಕೋ ಬೇಡವೋ ಅನ್ನುವ ವಾದ ಇನ್ನೂ ನೂರು ವರ್ಷ ನಡೆಯಬಹುದು. ಆದರೆ ಇವತ್ತು ಸಂಜೆ ಕುಡಿತ ಬಿಡಬೇಕು ಅಂತ ಕೂತವನು ಅಲ್ಲಿವರೆಗೆ ಕಾಯಲಾರ.

ನಾನು ಮಾತಾಡಿದ ಮನೋವೈದ್ಯರು ಮೊದಲು ಹೇಳಿದ್ದು ನನಗೆ ಆಶ್ಚರ್ಯವಾಯಿತು. “ನಾಳೆಯಿಂದ ಪೂರ್ತಿ ನಿಲ್ಲಿಸಿ ಅಂತ ಮಾತ್ರ ಅವರಿಗೆ ಹೇಳಬೇಡಿ” ಅಂದರು. ಯಾಕೆ?

ಆ ಟ್ರ್ಯಾಕ್ಟರ್ ಚಾಲಕನಿಗೆ ನಾನು ವಿವರಿಸಿದ ಹಾಗೇ ನಿಮಗೂ ಹೇಳ್ತೀನಿ. ಓದಿದ್ದು ಎಂಜಿನಿಯರಿಂಗ್, ನನಗೆ ಹೊಳೆಯುವುದು ಇಂಥ ಹೋಲಿಕೆಯೇ. ಮದ್ಯ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ದಿನವಿಡೀ ಬ್ರೇಕ್ ಒತ್ತಿ ಹಿಡಿದರೆ ಮೆದುಳು ಸುಮ್ಮನಿರುವುದಿಲ್ಲ. ಗಾಡಿ ಮುಂದೆ ಹೋಗಬೇಕಲ್ಲ, ಎಕ್ಸಿಲರೇಟರ್ ಜಾಸ್ತಿ ಒತ್ತಿಕೊಳ್ಳುತ್ತದೆ. ಈಗ ಒಂದು ದಿನ ಬ್ರೇಕಿನ ಮೇಲಿಂದ ಕಾಲು ಒಮ್ಮೆಲೇ ತೆಗೆದುಬಿಟ್ಟರೆ? ಗಾಡಿ ನುಗ್ಗುತ್ತದೆ. ಕೊನೆಯ ಸಲ ಕುಡಿದು ಆರೆಂಟು ತಾಸಿಗೆ ಕೈ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳಹುಪ್ಪಡಿ ಕಾಣುತ್ತವೆ, ಇದ್ದ ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಊರಲ್ಲಿ ಇದಕ್ಕೆ ದೆವ್ವ ಬಡಿದಿದೆ ಅಂತಾರೆ. ಅಥವಾ, ಕುಡಿಯೋದು ಬಿಟ್ಟಿದ್ದಕ್ಕೇ ಸತ್ತ, ಕುಡೀತಾ ಇದ್ದಿದ್ದರೆ ಬದುಕ್ತಿದ್ದ ಅಂತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮುಂಜಾನೆ ಎದ್ದ ಕೂಡಲೇ ಕುಡಿಯಬೇಕಾದವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಮೊದಲ ವಾರ ವೈದ್ಯರ ಕೈಯಲ್ಲಿ ಇರಬೇಕು. ಮೆದುಳನ್ನು ನಿಧಾನವಾಗಿ ಇಳಿಸುವ ಔಷಧಿ ಇದೆ, ಥಯಾಮಿನ್ ಅನ್ನುವ ಬಿ-1 ಜೀವಸತ್ವ ಇದೆ. ದುಬಾರಿ ಔಷಧಿಗಳೇನಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ. “ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ” ಅನ್ನುವ ಪುಡಿಯ ಜಾಹೀರಾತನ್ನು ನೀವು ನೋಡಿರುತ್ತೀರಿ. ನಾನು ಕೆಲಸ ಮಾಡಿದ ಕಡೆಯೂ ಮಧ್ಯರಾತ್ರಿ ಮೇಲೆ ಅದು ಬರುತ್ತಿತ್ತು. ಆಕೆ ಅಂಥದ್ದನ್ನು ಎರಡು ಸಲ ತರಿಸಿ ಸಾರಿನಲ್ಲಿ ಹಾಕಿದ್ದರು. ಆ ಪುಡಿಯಲ್ಲಿ ಏನಿರುತ್ತದೋ ಹಾಕುವವರಿಗೆ ಗೊತ್ತಿಲ್ಲ, ತಿನ್ನುವವರಿಗಂತೂ ಗೊತ್ತೇ ಇಲ್ಲ. ಡೈಸಲ್ಫಿರಾಮ್ ಅನ್ನುವ ಒಂದು ನಿಜವಾದ ಔಷಧಿ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಅದಕ್ಕೇ ರೋಗಿಗೆ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿಯೇ ಕೊಡಬೇಕು. ಕದ್ದು ಕೊಟ್ಟರೆ ಜೀವಕ್ಕೇ ಅಪಾಯ. ಮನೆಯಲ್ಲಿ ಪುಡಿ ಇದ್ದರೆ ಇವತ್ತೇ ಚೆಲ್ಲಿಬಿಡಿ.

ಅವರು ತಾಲ್ಲೂಕು ಆಸ್ಪತ್ರೆಗೆ ಹೋದರು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮ ಇದೆ. ಗೊತ್ತಾದ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುತ್ತಾರೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಆಯಿತು, ಹತ್ತು ದಿನ ದಾಖಲಾದರು, ನಡುಕ ನಿಂತಿತು, ಮನೆಗೆ ಬಂದರು. ಕಥೆ ಮುಗಿಯಿತು ಅಂದುಕೊಂಡೆ ನಾನು.

“ಈಗ ಶುರು” ಅಂದರು ವೈದ್ಯರು. ದೇಹದಿಂದ ಮದ್ಯ ಹೊರಗೆ ಹೋಗಲು ಒಂದು ವಾರ ಸಾಕು. ಆದರೆ ಟ್ರ್ಯಾಕ್ಟರ್ ಅದೇ, ಕಾರ್ಖಾನೆ ಗೇಟಿನ ಸರದಿ ಅದೇ, ಗೆಳೆಯರೂ ಅವರೇ. ಆಸ್ಪತ್ರೆಯಿಂದ ಬಂದವರು ಮತ್ತೆ ಗ್ಲಾಸ್ ಹಿಡಿಯುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ. ಈ ತಿಂಗಳುಗಳನ್ನು ದಾಟಿಸಲು ಬೇಕಾದ್ದು ಒಂದು ಗುಂಪು. ಕುಡಿದು, ಕೆಟ್ಟು, ಬಿಟ್ಟವರ ಗುಂಪು.

ಈ ಗುಂಪಿನ ಹುಟ್ಟಿನ ಕಥೆ ಕೇಳುವ ಹಾಗಿದೆ. 1935ರ ಮೇ ತಿಂಗಳು. ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಅನ್ನುವವರು ವ್ಯಾಪಾರದ ಕೆಲಸಕ್ಕೆ ಅಮೆರಿಕದ ಏಕ್ರನ್ ಊರಿಗೆ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯಾಪಾರ ಕೈಕೊಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದಾರೆ, ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಟೆಲಿಫೋನಿನ ಕಡೆ ಹೋದರು. ಊರಿನ ಚರ್ಚುಗಳಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ಈ ಊರಿನಲ್ಲಿ ನನ್ನಂಥ ಕುಡುಕ ಯಾರಾದರೂ ಇದ್ದಾರಾ? ನಾನು ಅವರ ಜೊತೆ ಮಾತಾಡಬೇಕು.

ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್. ಆಪರೇಷನ್ ಮಾಡುವ ಸರ್ಜನ್, ಕೈ ನಡುಗುವ ಕುಡುಕ. ಕಾಲು ತಾಸು ಕೂರ್ತೀನಿ ಅಂತ ಬಂದ ಡಾಕ್ಟರ್ ತಾಸುಗಟ್ಟಲೆ ಕೂತರು. ಯಾಕೆಂದರೆ ಎದುರಿಗಿದ್ದವನು ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿದ. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿದ ದಿನ ಅಂತ ಇಟ್ಟುಕೊಂಡಿದ್ದಾರೆ. ಭಾರತಕ್ಕೆ ಅದು ಬಂದದ್ದು 1957ರಲ್ಲಿ. ಇದರಲ್ಲಿ ಗಮನಿಸಬೇಕಾದ್ದು ಏನಂದರೆ, ಬಿಲ್ ಆ ದಿನ ಫೋನ್ ಮಾಡಿದ್ದು ಬೇರೆಯವರನ್ನು ಉದ್ಧಾರ ಮಾಡಲು ಅಲ್ಲ, ತಾನು ಬಾರ್ ಒಳಗೆ ಹೋಗದೇ ಇರಲು. ಸಹಾಯ ಮಾಡುವವನಿಗೂ ಸಹಾಯ ತೆಗೆದುಕೊಳ್ಳುವವನಷ್ಟೇ ಗರಜು ಇರುತ್ತದೆ.

ಹಾಗಿದ್ದರೆ ಆ ಕೊಠಡಿಯೊಳಗೆ ಏನು ನಡೆಯುತ್ತದೆ? ನಾನು ಹೋಗಿ ಕೂತೆ. ಎ.ಎ. ಸಭೆಗಳಲ್ಲಿ ಎರಡು ಬಗೆ. ಕೆಲವು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಕೆಲವು ಮುಕ್ತ ಸಭೆಗಳು, ಮನೆಯವರು, ಆಸಕ್ತರು ಬರಬಹುದು. ಹಿಡಕಲ್‌ನ ಆ ದಂಪತಿ ಜೊತೆ ನಾನು ಹೋಗಿದ್ದು ಮುಕ್ತ ಸಭೆಗೆ. ಬಸ್ಸಿಗೆ ಎರಡು ತಾಸು ದೂರದ ಊರು. ಊರಿನ ಹೆಸರು, ಜನರ ಹೆಸರು ಹೇಳುವಂತಿಲ್ಲ. ಅಲ್ಲಿ ಕೇಳಿದ್ದರಲ್ಲಿ ನಾನು ಇಲ್ಲಿ ಹೇಳುತ್ತಿರುವುದು ಒಪ್ಪಿಗೆ ಕೊಟ್ಟವರ ಮಾತು ಮಾತ್ರ.

ಬಾಗಿಲಲ್ಲೇ ಒಬ್ಬರು ನನ್ನ ಗುರುತು ಹಿಡಿದರು. “ಟಿವಿಯವರಾ? ಮೊಬೈಲ್ ಇಲ್ಲೇ ಇಡ್ರಿ, ಹೆಸರಿನ ಮೊದಲ ಅರ್ಧ ಅಷ್ಟೇ ಹೇಳ್ರಿ” ಅಂದರು. ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್, ಥರ್ಮಾಸ್‌ನಲ್ಲಿ ಚಹಾ. ರಿಜಿಸ್ಟರ್ ಇಲ್ಲ, ಫೀ ಇಲ್ಲ, ಆಧಾರ್ ಕಾರ್ಡ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಕೈಯಿಂದ ಕೈಗೆ ಹೋಯಿತು, ಹಾಕಿದವರು ಹತ್ತು ಇಪ್ಪತ್ತು ಹಾಕಿದರು, ಬಿಟ್ಟವರು ಬಿಟ್ಟರು. ಚಹಾ, ಬಾಡಿಗೆ ಅದರಲ್ಲೇ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದಿಲ್ಲ. ಸೇರಲು ಇರುವ ಅರ್ಹತೆ ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ಬಿಟ್ಟಿರಲೇಬೇಕು ಅಂತ ಕೂಡ ಇಲ್ಲ, ಆಸೆ ಇದ್ದರೆ ಸಾಕು.

ಒಬ್ಬೊಬ್ಬರಾಗಿ ಮಾತಾಡಿದರು. ಕನ್ನಡ, ಮರಾಠಿ, ನಡುನಡುವೆ ಹಿಂದಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. “ಹಾಗಲ್ಲ, ನೀವು ಹೀಗೆ ಮಾಡಬೇಕಿತ್ತು” ಅನ್ನುವಂತಿಲ್ಲ. ನನ್ನ ವೃತ್ತಿಯವನಿಗೆ ಇದು ಎಷ್ಟು ಕಷ್ಟ ಅಂತ ನೀವೇ ಊಹಿಸಿಕೊಳ್ಳಿ! ನಿವೃತ್ತ ಸೈನಿಕರೊಬ್ಬರು ಹಿಂದಿನ ವಾರ ಅಳಿಯನ ಮದುವೆಯಲ್ಲಿ ಏನಾಯಿತು ಅಂತ ಹೇಳಿದರು. ಕೈಗೆ ಕೊಟ್ಟ ಶರಬತ್ತನ್ನು ಮೂಸಿ ನೋಡಿ ಕುಡಿದರಂತೆ. ಸಂಜೆ ಏಳಕ್ಕೆ ಟೆರೇಸ್ ಮೇಲೆ ಬಾಟಲಿ ತೆರೆಯುವ ಸದ್ದು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿ ಮನೆಗೆ ಬಂದರಂತೆ. ಒಂಬತ್ತು ವರ್ಷದಿಂದ ಕುಡಿಯದವರು ಅವರು. ಇನ್ನೂ ಮೂಸಿ ನೋಡಬೇಕು, ಇನ್ನೂ ಎದ್ದು ಬರಬೇಕು.

ಆಮೇಲೆ ಒಬ್ಬ ಉಪನ್ಯಾಸಕರು. ಹೆಂಡತಿಗೆ ಸಿಗಬಾರದು ಅಂತ ಬಾಟಲಿಯನ್ನು ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಲ್ಲಿ ಮುಳುಗಿಸಿ ಇಡುತ್ತಿದ್ದರಂತೆ. ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ ನಮ್ಮ ಟ್ರ್ಯಾಕ್ಟರ್ ಚಾಲಕ ತಲೆ ಎತ್ತಿದರು. ನಗು ತಡೆಯಲಾಗಲಿಲ್ಲ ಅವರಿಗೆ. “ನಂದು ಟೂಲ್ ಬಾಕ್ಸಿನ್ಯಾಗ್ರಿ” ಅಂದುಬಿಟ್ಟರು. ಇಡೀ ಕೊಠಡಿ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ನಗಲಿಲ್ಲ, ಕಣ್ಣು ಒರೆಸಿಕೊಂಡರು. ನಾಲ್ಕು ವರ್ಷದಲ್ಲಿ ಅವರು ಕುಡಿತದ ಬಗ್ಗೆ ಹೇಳಿದ ಮೊದಲ ನಿಜ ಅದಂತೆ. ಡಾಕ್ಟರಿಗೂ ಹೇಳಿರಲಿಲ್ಲ. ಎಂ.ಎ. ಓದಿದ ಮೇಷ್ಟ್ರು ಹೇಳಿದ ಮೇಲೆ ತನಗೇನು ನಾಚಿಕೆ ಅನ್ನಿಸಿತೋ ಏನೋ.

ಎ.ಎ.ಯಲ್ಲಿ ಹನ್ನೆರಡು ಹಂತಗಳು ಅಂತ ಇವೆ. ಸರಳವಾಗಿ ಹೇಳುವುದಾದರೆ: ಮದ್ಯದ ಮುಂದೆ ನನ್ನ ಆಟ ನಡೆಯುವುದಿಲ್ಲ ಅಂತ ಒಪ್ಪಿಕೊಳ್ಳುವುದು, ನನಗಿಂತ ದೊಡ್ಡದೊಂದರ ಆಸರೆ ಹಿಡಿಯುವುದು, ನನ್ನ ತಪ್ಪುಗಳ ಲೆಕ್ಕ ಬರೆಯುವುದು, ನೋಯಿಸಿದವರ ಹತ್ತಿರ ಹೋಗಿ ಸರಿಮಾಡಿಕೊಳ್ಳುವುದು, ಕೊನೆಗೆ ಇನ್ನೊಬ್ಬ ಕುಡುಕನಿಗೆ ಕೈ ಕೊಡುವುದು. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅನ್ನುವುದು ಅವರವರಿಗೆ ಬಿಟ್ಟದ್ದು. ಹೊಸಬರಿಗೆ ಹಳಬರೊಬ್ಬರು ಜೊತೆಗಾರರಾಗುತ್ತಾರೆ, ಸ್ಪಾನ್ಸರ್ ಅಂತಾರೆ. ಅವರ ಕೆಲಸ ಉಪದೇಶವಲ್ಲ. ರಾತ್ರಿ ಹನ್ನೊಂದಕ್ಕೆ ಆಸೆ ಎದ್ದರೆ ಫೋನ್ ಎತ್ತುವುದು. ಮತ್ತೆ, ಜೀವನಪೂರ್ತಿ ಬಿಡ್ತೀನಿ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಇವತ್ತು ಒಂದು ದಿನ ಕುಡಿಯಲ್ಲ, ಅಷ್ಟೇ. ನಾಳೆ ಬಂದಾಗ ನಾಳೆಯದು.

ಆಗ ನನಗೆ ಕಾಕಾ ನೆನಪಾದರು. ನಾವು ಅವರಿಂದ ಇಡೀ ಜೀವನದ ಆಣೆಯನ್ನು ಒಂದೇ ದಿನ ಕೇಳುತ್ತಿದ್ದೆವು. ಆಣೆ ಮುರಿದ ಮರುದಿನ ಅವರಿಗೆ ಮುಖ ತೋರಿಸಲು ಜಾಗವೇ ಇರಲಿಲ್ಲ, ಮತ್ತೆ ಬಾರಿಗೇ ಹೋಗಬೇಕು. ಇಲ್ಲಿ ಮುರಿದ ಮರುದಿನವೂ ಕುರ್ಚಿ ಇರುತ್ತದೆ.

ಇದೆಲ್ಲ ಪರದೇಶದ್ದು, ನಮ್ಮ ಹಳ್ಳಿಗೆ ಒಗ್ಗುತ್ತಾ ಅಂತ ಕೇಳಬಹುದು. ನಮ್ಮಲ್ಲೂ ದಾರಿ ಮಾಡಿದವರಿದ್ದಾರೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ ನಿಮಗೆ ಗೊತ್ತಿರಬಹುದು. ಜೋಳಿಗೆ ಹಿಡಿದು ಊರೂರು, ಕೇರಿಕೇರಿ ಸುತ್ತಿದವರು. ಬೇರೆ ಸ್ವಾಮಿಗಳು ಜೋಳಿಗೆಗೆ ದವಸ ಕೇಳಿದರೆ ಇವರು ಚಟ ಕೇಳಿದರು. ನಿಮ್ಮ ಕುಡಿತ, ಗುಟ್ಕಾ, ಬೀಡಿ ಇದರಲ್ಲಿ ಹಾಕಿ ಅಂದರು. ಮಹಾಂತ ಜೋಳಿಗೆ ಅಂತಲೇ ಅದು ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೇಡಲು ಸ್ವಾಮೀಜಿಯೇ ಮನೆಬಾಗಿಲಿಗೆ ಬಂದರು ಅನ್ನುವುದೇ ಎಷ್ಟೋ ಜನರಿಗೆ ಮೊದಲ ಹೆಜ್ಜೆಗೆ ಸಾಕಾಯಿತು.

ಎರಡನೆಯದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ಇಂಥ ಸಾವಿರಕ್ಕೂ ಹೆಚ್ಚು ಶಿಬಿರ ರಾಜ್ಯದಲ್ಲಿ ನಡೆದಿವೆ. ಊರಿನ ಕಲ್ಯಾಣಮಂಟಪವೋ ಸಮುದಾಯ ಭವನವೋ, ಸಾಮಾನ್ಯವಾಗಿ ಎಂಟು ದಿನ. ಅಲ್ಲೇ ಊಟ, ಅಲ್ಲೇ ನಿದ್ದೆ, ವೈದ್ಯರು, ಸಲಹೆಗಾರರು, ಭಜನೆ, ವ್ಯಾಯಾಮ. ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ಆದರೆ ನನಗೆ ಶಿಬಿರಕ್ಕಿಂತ ಮುಖ್ಯ ಅನ್ನಿಸಿದ್ದು ಆಮೇಲಿನದು. ಶಿಬಿರದಿಂದ ಬಂದವರು ತಮ್ಮ ಊರಿನಲ್ಲೇ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ಬಿಟ್ಟವರೇ ಸೇರುವ ಸಭೆ, ಬಿಟ್ಟವರೇ ಹೊಸಬರನ್ನು ಮುಂದಿನ ಶಿಬಿರಕ್ಕೆ ಕರೆತರುವುದು. ಏಕ್ರನ್‌ನಲ್ಲಿ ಬಿಲ್ ಮತ್ತು ಬಾಬ್ ಕಂಡುಕೊಂಡದ್ದೂ ಇದೇ ಅಲ್ಲವೇ?

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಎ.ಎ. ಹೆಸರು ಮುಚ್ಚುತ್ತದೆ, ಶಿಬಿರ ಊರ ಮುಂದೆ ನಿಲ್ಲಿಸುತ್ತದೆ. ಯಾವುದು ಒಳ್ಳೆಯದು? ಮನುಷ್ಯನನ್ನು ನೋಡಿ ಹೇಳಬೇಕು. ಊರಿನವರೆಲ್ಲ ನೋಡಿದ್ದಾರೆ, ಇನ್ನು ಕುಡಿದರೆ ಮರ್ಯಾದೆ ಹೋಗುತ್ತದೆ ಅನ್ನುವುದು ಕೆಲವರಿಗೆ ಆಸರೆ. ಕೆಲವರಿಗೆ ಅದೇ ಭಯ. ನಮ್ಮ ಟ್ರ್ಯಾಕ್ಟರ್ ಚಾಲಕ ಬಸ್ಸಿನಲ್ಲಿ ಎರಡು ತಾಸು ಹೋಗಲು ಒಪ್ಪಿದ್ದೇ ಅಲ್ಲಿ ಗುರುತಿನವರು ಸಿಗುವುದಿಲ್ಲ ಅಂತ. ಕುಡಿದು ಗಟಾರದಲ್ಲಿ ಬಿದ್ದಾಗ ನೋಡಿದ ಊರೇ ಇದು, ಆಗ ಇಲ್ಲದ ನಾಚಿಕೆ ಬಿಡುವಾಗ ಯಾಕೆ ಅಂತ ನೀವು ಕೇಳಬಹುದು. ಅವರನ್ನೇ ಕೇಳಿದೆ. “ಬಿದ್ದಾಗ ನಗ್ತಾರ್ರಿ, ಅಷ್ಟ. ಬಿಡ್ತೇನಿ ಅಂತ ಹೋಗಿ ಮತ್ತ ಬಿದ್ರ, ನೋಡಪಾ ಅಂದಿದ್ನಿಲ್ಲ ಅಂತಾರು” ಅಂದರು. ಊರು ನಗುವುದಕ್ಕಿಂತ, ಊರು ಮೊದಲೇ ಹೇಳಿತ್ತು ಅನ್ನುವುದು ಜಾಸ್ತಿ ನೋವು.

ಹೆಂಡತಿಯರ ಕಥೆ ಬೇರೆಯೇ. ಕುಡಿಯುವುದು ಒಬ್ಬರಾದರೂ ಹೈರಾಣಾಗುವುದು ಇಡೀ ಮನೆ. ಇದನ್ನು ಬಿಲ್ ಅವರ ಪತ್ನಿ ಲೋಯಿಸ್ ಬೇಗ ಕಂಡುಕೊಂಡರು. ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಅನ್ನುವ ಗುಂಪು ಶುರುವಾಯಿತು. ಅಲ್ಲಿ ಕಲಿಯುವುದು ಗಂಡನನ್ನು ಬಿಡಿಸುವ ಉಪಾಯವಲ್ಲ. ಅವನ ಕುಡಿತಕ್ಕೆ ಕಾರಣ ನಾನಲ್ಲ, ಅದನ್ನು ನಿಲ್ಲಿಸುವ ಶಕ್ತಿಯೂ ನನ್ನದಲ್ಲ, ಆದರೆ ನಾನೂ ಮಕ್ಕಳೂ ಬದುಕಬೇಕು ಅನ್ನುವುದು. ಹೊಡೆತ ಬಡಿತ ಇದ್ದರೆ ಅದು ಬೇರೆ ಮಾತು, 112ಕ್ಕೆ ಫೋನ್ ಮಾಡಿ. ಕುಡಿದಿದ್ದ ಅನ್ನುವುದು ಹೊಡೆತಕ್ಕೆ ನೆಪ ಆಗಬಾರದು.

ಇನ್ನು ಕೊನೆಯ ಪ್ರಶ್ನೆ, ಇದು ನಿಜವಾಗಿ ಕೆಲಸ ಮಾಡುತ್ತಾ? ಕಥೆ ಕೇಳಿ ಕಣ್ಣೊರೆಸಿಕೊಂಡರೆ ಸಾಲದು, ನನಗೆ ಲೆಕ್ಕ ಬೇಕು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಇದನ್ನು ನೋಡಿತು. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನ. ತರಬೇತಿ ಪಡೆದ ಸಲಹೆಗಾರರು ಕ್ರಮವಾಗಿ ಎ.ಎ. ದಾರಿಗೆ ಹಚ್ಚಿದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೆ ಉಳಿದವರು ಶೇ. 42ರಷ್ಟು. ಬೇರೆ ಬಗೆಯ ಮನೋಚಿಕಿತ್ಸೆಯಲ್ಲಿ ಶೇ. 35ರಷ್ಟು. ಅಂದರೆ ಈ ದಾರಿ ಚೆನ್ನಾಗಿದೆ, ಖರ್ಚೂ ಕಡಿಮೆ. ಜೊತೆಗೆ ಇನ್ನೊಂದು ಅರ್ಥವೂ ಇದೆ. ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷದೊಳಗೆ ಒಮ್ಮೆಯಾದರೂ ಜಾರಿದರು. ಜಾರುವುದು ಕಾಯಿಲೆಯ ಲಕ್ಷಣ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದ ಹಾಗೆ. ಸಕ್ಕರೆ ಏರಿತು ಅಂತ ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಅಂದು ರಾತ್ರಿ ನಾನು ಕೊಡಬೇಕಾಗಿದ್ದ ಉತ್ತರ ಇದು. ಬರೆದಿಟ್ಟುಕೊಳ್ಳಿ.

ಮೊದಲು ಫೋನ್. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ-ಮಾನಸ್ 14416, ದಿನದ 24 ತಾಸೂ, ಕನ್ನಡದಲ್ಲೇ, ಉಚಿತ. ಹೆಸರು ಹೇಳಲೇಬೇಕು ಅಂತಿಲ್ಲ. ಮನೆಯವರೂ ಮಾಡಬಹುದು.

ಎರಡನೆಯದು ವೈದ್ಯರು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಖಾಸಗಿ ಕೇಂದ್ರಕ್ಕೆ ಸೇರಿಸುವವರು ನೋಂದಣಿ ಪತ್ರ ನೋಡಿ, ವೈದ್ಯರು ಇದ್ದಾರಾ ಕೇಳಿ. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಮನೆಯವರಿಗೆ ಭೇಟಿಯೇ ಇಲ್ಲ, ಫೋನೂ ಇಲ್ಲ ಅನ್ನುವ ಕಡೆ ಬಿಟ್ಟು ಬರಬೇಡಿ.

ಮೂರನೆಯದು ಗುಂಪು. ಹತ್ತಿರದ ಎ.ಎ. ಸಭೆ ಎಲ್ಲಿ, ಯಾವ ವಾರ ಅಂತ ಮನೋವೈದ್ಯರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಫೋನಿನಲ್ಲೇ ಸೇರುವ ಸಭೆಗಳೂ ಇವೆ. ಧರ್ಮಸ್ಥಳ ಯೋಜನೆಯ ಸಂಘ ನಿಮ್ಮ ಊರಲ್ಲಿದ್ದರೆ ಮುಂದಿನ ಶಿಬಿರ ಎಲ್ಲಿ, ನವಜೀವನ ಸಮಿತಿ ಎಲ್ಲಿ ಅಂತ ಸೇವಾಪ್ರತಿನಿಧಿಯನ್ನು ಕೇಳಿ. ಒಂದು ಸಭೆ ಹಿಡಿಸಲಿಲ್ಲ ಅಂದರೆ ಇನ್ನೊಂದಕ್ಕೆ ಹೋಗಿ. ಮೊದಲ ಸಲ ಮಾತಾಡಬೇಕಾಗಿಲ್ಲ, ಕೂತು ಚಹಾ ಕುಡಿದು ಬಂದರೂ ಸಾಕು.

ಹಿಡಕಲ್‌ನವರು ಏನಾದರು ಅಂತ ಕೇಳ್ತೀರಿ. ಮೂರನೇ ತಿಂಗಳು ಕಬ್ಬಿನ ಸೀಸನ್ ಶುರುವಾದಾಗ ಕಾರ್ಖಾನೆ ಗೇಟಿನಲ್ಲಿ ಒಮ್ಮೆ ಕುಡಿದರು. ಮರುದಿನ ಸಭೆಯ ಸೈನಿಕರಿಗೆ ಫೋನ್ ಮಾಡಿ ಹೇಳಿದರು. ಅವರು ಬೈಯಲಿಲ್ಲ, “ಗುರುವಾರ ಬರ್ತೀಯಲ್ಲ?” ಅಂತಷ್ಟೇ ಕೇಳಿದರಂತೆ. ಹೋದರು. ಆಮೇಲೆ ಇಲ್ಲಿಯವರೆಗೆ ಇಲ್ಲ.

ಬೇಸಿಗೆಯಲ್ಲಿ ಹಿಡಕಲ್ ಹಿನ್ನೀರು ಇಳಿದ ಸುದ್ದಿ ಮಾಡಲು ಹೋದಾಗ ಸಿಕ್ಕಿದ್ದರು. ನೀರು ತಗ್ಗಿದಾಗ ಹುನ್ನೂರಿನ ಮುಳುಗಡೆಯಾದ ವಿಠ್ಠಲನ ಗುಡಿ ಮೇಲೆ ಕಾಣುತ್ತದಲ್ಲ, ನಮ್ಮ ಕ್ಯಾಮೆರಾ ಅದರ ಕಡೆ ತಿರುಗಿತ್ತು. ಅವರು ಅದನ್ನೇ ನೋಡುತ್ತಾ, “ನಮ್ಮ ಮನೀನೂ ಈಗ ಹಂಗ ಕಾಣಾಕ ಹತ್ತೇತ್ರಿ ಸರ್. ಮದಲ ಅಲ್ಲೇ ಇತ್ತು, ನನಗ ಕಾಣ್ತಿರಲಿಲ್ಲ” ಅಂದರು. ಆಮೇಲೆ ಗಡಿಯಾರ ನೋಡಿಕೊಂಡು ಹೊರಟರು. ಅಂದು ಗುರುವಾರ. ಬಸ್ಸು ನಾಲ್ಕಕ್ಕೆ.